ಹೆಸರು ಅಳಿಸುವ ಕೆಲಸ

ತೀರಿಕೊಂಡ ಅಮ್ಮನ ಕೂದಲು ಕೊನೆಯ ಸಲ ಬಾಚುತ್ತಿದ್ದ ಮಗಳ ಕೈ ನಡುವೆಯೇ ನಿಂತಿತು. ಗೇಟಿನ ಬಳಿ ಕಾರಿನಿಂದ ಇಳಿದವರು ಅಮ್ಮನ ಆಫೀಸಿನವರು. ಮುಂದೆ ಬರುತ್ತಿದ್ದ ಬಕ್ಕತಲೆಯವರೇ ಸಂಪಾದಕರು. ಫೋಟೋದಲ್ಲಷ್ಟೇ ಕಂಡ ಮುಖ.

"ಯಾಕೇ, ನಿಲ್ಲಿಸಿಬಿಟ್ಟೆ?" ಎಂದು ಚಿಕ್ಕಮ್ಮ ಬಾಚಣಿಗೆ ತೆಗೆದುಕೊಂಡಳು. ದುಃಖಕ್ಕೆ ಎಂದುಕೊಂಡಳು, ಪಾಪ. ದುಃಖವೂ ಇತ್ತು, ಆದರೆ ಕೈ ನಿಂತದ್ದು ಭಯಕ್ಕೆ.

ಜನಾಂಗ, ಸಮಾಜ, ರಾಜಕೀಯ ಎಂದು ವಿದ್ವಾಂಸರು ತಲೆ ಕೆಡಿಸಿಕೊಂಡು ಬರೆಯುವ ತ್ರೈಮಾಸಿಕವೊಂದರಲ್ಲಿ ಅಮ್ಮ ಜೀವಮಾನವಿಡೀ ಮಾಡಿದ್ದು ಒಂದೇ ಕೆಲಸ: ಬಂದ ಲೇಖನಗಳಿಂದ ಬರೆದವರ ಹೆಸರು ಅಳಿಸುವುದು. ಹೆಸರು ಕಂಡರೆ ಕುಲ ಕಾಣುತ್ತದೆ, ಮೈಬಣ್ಣ ಕಾಣುತ್ತದೆ, ಯಾರ ಕಡೆಯವರು ಎಂಬುದೂ ಕಾಣುತ್ತದೆ. ಹಾಗಾಗಿ ಹೆಸರಿಲ್ಲದ ಲೇಖನವೇ ಸಂಪಾದಕರ ಮೇಜಿಗೆ, ಅಲ್ಲಿಂದ ಅದನ್ನು ಪರಿಶೀಲಿಸುವ ಪಂಡಿತರಿಗೆ ಹೋಗಬೇಕು. ಒಪ್ಪಿಗೆಯಾದ ಮೇಲಷ್ಟೇ ಅಮ್ಮ ಹೆಸರು ಹೇಳುತ್ತಿದ್ದಳು.

*

ಮೈಬಣ್ಣ ನೋಡಿ ಬಾಡಿಗೆಗೆ ಮನೆ ಇಲ್ಲ ಎನ್ನುವವರ ಬಗ್ಗೆ ಮಗಳು ಊರೆಲ್ಲ ಬಾಗಿಲು ತಟ್ಟಿ ಲೇಖನ ಬರೆದಳು. ಅದು ಅಮ್ಮನ ಪತ್ರಿಕೆಯಲ್ಲೇ ಬಂತು, ಅದರಿಂದಲೇ ವಿಶ್ವವಿದ್ಯಾಲಯದ ಕೆಲಸವೂ ಸಿಕ್ಕಿತು. ಆಗ ಸಹೋದ್ಯೋಗಿಯೊಬ್ಬ ಕಾಫಿ ಹೀರುತ್ತಾ ಹೇಳಿದ, "ಬಡಿಸೋರು ನಮ್ಮೋರಾದ್ರೆ ಕೊನೇ ಪಂಕ್ತೀಲಿ ಕೂತ್ರೂ ಊಟ, ಅಲ್ವಾ ಮೇಡಂ?"

ಎಲ್ಲರೂ ನಕ್ಕರು. ಅವಳೂ ನಕ್ಕಳು, ಅನ್ನದಲ್ಲಿ ಕಲ್ಲು ಸಿಕ್ಕವಳ ಹಾಗೆ. ಆಮೇಲೆ ಆ ಲೇಖನವನ್ನು ಯಾರು ಎಷ್ಟೇ ಟೀಕಿಸಲಿ, ಅವಳು ಬಾಯಿ ಬಿಡಲಿಲ್ಲ. ಕದ್ದ ಮಾಲಿನ ಪರವಾಗಿ ವಾದ ಮಾಡುವುದಾದರೂ ಹೇಗೆ?

ಒಪ್ಪಿಗೆಗೆ ಮೊದಲೇ ಅಮ್ಮ ಮಗಳ ಹೆಸರನ್ನು ಯಾರ ಕಿವಿಗಾದರೂ ಹಾಕಿದ್ದಳೇ? ಮಗಳು ಒಂದಲ್ಲ ಹತ್ತು ಸಲ ಕೇಳಿದ್ದಳು. ಅಮ್ಮ ಬೆಳ್ಳುಳ್ಳಿ ಸುಲಿಯುತ್ತಾ ಪ್ರತಿ ಸಲವೂ ಹೇಳಿದ್ದು ಒಂದೇ. "ಆಫೀಸಿನ ಮಾತು ಆಫೀಸಲ್ಲೇ. ನೀನಾದ್ರೂ ಅಷ್ಟೇ, ಬೇರೆಯವರಾದ್ರೂ ಅಷ್ಟೇ." ಇಲ್ಲ ಕಣೇ ಎಂದು ಒಂದು ಮಾತು ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಈಗಂತೂ ಕೇಳುವ ಹಾಗೂ ಇಲ್ಲ.

*

ಸಂಪಾದಕರು ಹೂವಿಟ್ಟು, ತಲೆತಗ್ಗಿಸಿ ನಿಂತು, ಮಗಳ ಕಡೆ ತಿರುಗಿದರು. ಮಕ್ಕಳಿಗೆ ಪಾಠ ಹೇಳ್ತಾಳೆ ಅಂತ ನಿಮ್ಮಮ್ಮ ಹೇಳುತ್ತಿದ್ದರು, ಚಿಕ್ಕ ಮಕ್ಕಳನ್ನು ತಿದ್ದುವುದೇ ನಿಜವಾದ ಕೆಲಸ ಬಿಡಿ ಎಂದು ಸಮಾಧಾನ ಹೇಳಿದರು.

ಚಿಕ್ಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಚಿಕ್ಕ ಮಕ್ಕಳಲ್ಲ, ಇವಳು ಯೂನಿವರ್ಸಿಟಿ ಪ್ರೊಫೆಸರು, ಬಾಡಿಗೆ ಮನೆಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲೇ ಬರೆದವಳು ಎಂದು ಒಂದೇ ಉಸಿರಿಗೆ ಒದರಿಬಿಟ್ಟಳು.

ಸಂಪಾದಕರು ಕನ್ನಡಕ ತೆಗೆದರು. "ಅದು ಬರೆದಿದ್ದು ನೀವಾ? ಆ ಹೆಸರು ತನ್ನ ಮಗಳದ್ದು ಅಂತ ನಿಮ್ಮಮ್ಮ ಕೊನೇವರೆಗೂ ಉಸಿರೇ ಬಿಡ್ಲಿಲ್ಲವಲ್ಲ."

ಆ ಲೇಖನ ಬೇಡವೆಂದು ತಾವೇ ಹಟ ಹಿಡಿದದ್ದು, ತಪ್ಪು ಹಿಡಿದು ಚೆನ್ನಾಗಿ ಕೊಯ್ಯುವ ಇಬ್ಬರು ಪಂಡಿತರನ್ನೇ ಹುಡುಕಿ ಪರಿಶೀಲನೆಗೆ ಕಳಿಸಿದ್ದು, ಆ ಇಬ್ಬರೂ ಇದನ್ನು ಹಾಕಲೇಬೇಕು ಎಂದು ಬರೆದದ್ದು, ಎಲ್ಲವನ್ನೂ ಹೇಳತೊಡಗಿದರು. ಸಾವಿನ ಮನೆ ಎಂಬುದೇ ಅವರಿಗೆ ಮರೆತುಹೋಗಿತ್ತು.

"ಬೇರೆ ದಾರಿಯಿಲ್ಲದೆ ಹಾಕ್ದೆ. ಬೇಜಾರು ಮಾಡ್ಕೋಬೇಡಿ, ಮೂರನೇ ಭಾಗ ನಂಗೆ ಈಗ್ಲೂ ಒಪ್ಪಿಗೆ ಇಲ್ಲ."

ಬೆಳಗಿನಿಂದ ಬಾರದ ಅಳು ಆಗ ಬಂತು. ಮಗಳು ಅಮ್ಮನ ಪಾದ ಹಿಡಿದು ಅತ್ತಳು, ಅಳುತ್ತಲೇ ನಕ್ಕಳು. ಎದೆ ಅಷ್ಟು ಹಗುರವಾಗಿತ್ತು. ಚಿಕ್ಕಮ್ಮ ಗಾಬರಿಯಿಂದ ನೀರು ತರಲು ಓಡಿದಳು.

ಸ್ಮಶಾನ ಹತ್ತಿರವೇ ಇತ್ತು. ನಿಧಾನವಾಗಿ ಹೊರಟ ಗಾಡಿಯ ಹಿಂದೆ ಎಲ್ಲರೂ ನಡೆದರು. ತಿರುವು ದಾಟುವಷ್ಟರಲ್ಲಿ ಮಗಳಿಗೆ ತಡೆಯಲಾಗಲಿಲ್ಲ.

"ಮೂರನೇ ಭಾಗದಲ್ಲಿ ಏನು ತಪ್ಪಿದೆ, ಹೇಳಿ ಸಾರ್."

ಮನೆ ಮಾಲೀಕರೆಲ್ಲ ಕೆಟ್ಟವರು ಎಂಬಂತಾಗಿದೆ ಎಂದರು ಸಂಪಾದಕರು. ಹಾಗೆಂದು ಎಲ್ಲಿ ಬರೆದಿದ್ದೇನೆ ತೋರಿಸಿ ಎಂದಳು ಅವಳು. ಅವರು ಒಂದಂದರೆ ಇವಳು ಎರಡಂದಳು. ಕೈಬೀಸಿ, ದನಿ ಏರಿಸಿ, ಅಂಗಡಿಯವರು ಹೊರಬಂದು ನೋಡುವಷ್ಟು ಜೋರಾಗಿ ವಾದಿಸಿದಳು. ಚಿಕ್ಕಮ್ಮ ತುಟಿಗೆ ಬೆರಳಿಟ್ಟು ಸನ್ನೆ ಮಾಡಿದಳು. ಯಾರು ಕೇಳುತ್ತಾರೆ? ಎಲ್ಲರಿಗಿಂತ ಮುಂದೆ, ಗಾಡಿಯಲ್ಲಿ, ಅಮ್ಮ ತುಟಿ ಬಿಚ್ಚದೆ ಹೋಗುತ್ತಿದ್ದಳು.