ಕಿಲ್‌ಮೋರನ್ ಆಡದೆ ಸೋತ ಪಂದ್ಯ

ಆ ವರ್ಷ ದಿಂಪ್ನಾ ಗಿಲ್‌ಹೂಲಿ ಒಂದೇ ಪಂದ್ಯಪಟ್ಟಿಯನ್ನು ಹನ್ನೊಂದು ಸಲ ಹೊಸದಾಗಿ ಬರೆದಳು. ಮಾರ್ಚ್ ತಿಂಗಳಲ್ಲಿ ಮೊದಲ ಪಂದ್ಯಕ್ಕೆ ಇನ್ನು ಮೂರೇ ದಿನ ಇದೆ ಎನ್ನುವಾಗ ಸೋಂಕಿಗೆ ಹೆದರಿ ದೇಶವೇ ಬಾಗಿಲು ಹಾಕಿಕೊಂಡಿತು. ಮನೆಯಿಂದ ಎರಡು ಕಿಲೋಮೀಟರು ದಾಟಬಾರದು ಎಂದರು, ಆಮೇಲೆ ಐದು ಎಂದರು. ಪ್ರತಿಯೊಂದು ಸಲವೂ ಅವಳು ಹಳೆಯ ಪಟ್ಟಿಯನ್ನು ಹರಿದು ಒಲೆಗೆ ಹಾಕಿ ಹೊಸ ಹಾಳೆ ತೆಗೆಯುತ್ತಿದ್ದಳು. ಮೇಯೊ ಕೌಂಟಿಯ ಕಡಲಂಚಿನ ಎಂಟು ಊರುಗಳ ಎಂಟು ಫುಟ್‌ಬಾಲ್ ತಂಡ, ಅಷ್ಟೇ ಅವಳ ಲೀಗು. ಆಡುವವರು ಹಾಲಿನ ಲಾರಿ ಓಡಿಸುವವರು, ಮೀನು ಹಿಡಿಯುವವರು, ಮೇಷ್ಟರುಗಳು. ಅಂಚೆ ಕಚೇರಿಯ ಕೌಂಟರಿನಲ್ಲಿ ದುಡಿಯುತ್ತಲೇ ಅವಳು ಹತ್ತೊಂಬತ್ತು ವರ್ಷದಿಂದ ಆ ಲೀಗಿನ ಕಾರ್ಯದರ್ಶಿಯಾಗಿದ್ದಳು. ಪಂದ್ಯ ಯಾವ ದಿನ, ಯಾವ ಬಯಲಿನಲ್ಲಿ, ರೆಫರಿ ಯಾರು ಎಂಬುದೆಲ್ಲ ಅವಳು ಹೇಳಿದಂತೆ. ಅವಳು ಬರೆದದ್ದನ್ನು ತಿದ್ದಿಸಿದವರು ಯಾರೂ ಇರಲಿಲ್ಲ.

ಆಗಸ್ಟಿನ ನಡುವೆ ಅಂತೂ ಆಟ ಶುರುವಾಯಿತು. ನೋಡುವವರಿಗೆ ಪ್ರವೇಶವಿಲ್ಲ, ಬಟ್ಟೆ ಬದಲಿಸುವ ಕೋಣೆಗಳಿಗೆ ಬೀಗ, ಆಟಗಾರರು ಮನೆಯಿಂದಲೇ ಜರ್ಸಿ ತೊಟ್ಟು ಒಬ್ಬೊಬ್ಬರೇ ಕಾರಿನಲ್ಲಿ ಬರಬೇಕು. ಹನ್ನೊಂದು ರೆಫರಿಗಳಲ್ಲಿ ಏಳು ಮಂದಿ ಈ ವರ್ಷ ಬೇಡವೆಂದುಬಿಟ್ಟರು. ಕೋಲ್ಮನ್ ಹೆವರಿನ್ ಕೂಡ ಮೊದಲು ಹಾಗೇ ಅಂದಿದ್ದ. ಅವನಿಗೆ ಅರವತ್ತೇಳು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ, ಒಬ್ಬಳೇ ಮಗಳು ಸೋರ್ಖಾ ಆಸ್ಟ್ರೇಲಿಯಾದಲ್ಲಿ. ಭಾನುವಾರ ಪಂದ್ಯ ಮುಗಿಸಿ ವರದಿ ಕೊಡಲು ದಿಂಪ್ನಾಳ ಮನೆಗೆ ಬಂದವನು ಒಂದು ಚಹಾ ಎಂದು ಕುಳಿತರೆ ಎರಡು ಗಂಟೆ ಏಳುತ್ತಿರಲಿಲ್ಲ. ಊರವರು ಅದಕ್ಕೊಂದು ಹೆಸರು ಕೊಟ್ಟಿದ್ದರು. ಅವರಿಬ್ಬರು ಕೊಟ್ಟಿರಲಿಲ್ಲ.

"ನೀನು ಬರದಿದ್ರೆ ನನ್ನ ಪಟ್ಟಿ ನಿಲ್ಲಲ್ಲ ಕೋಲ್ಮನ್," ಎಂದಿದ್ದಳು ಅವಳು ಫೋನಿನಲ್ಲಿ.

"ನಂಗೆ ಮಂಡಿ ನೋವು ಮಾರಾಯ್ತಿ."

"ಮಂಡಿ ಯಾರಿಗೆ ಬೇಕು? ಸೀಟಿ ಊದೋಕೆ ಬಾಯಿದ್ರೆ ಸಾಕು. ನಿನಗದು ಬೇಕಾದಷ್ಟಿದೆ."

ಅವನು ನಕ್ಕ. ಆ ನಗುವಿನಲ್ಲೇ ಒಪ್ಪಿಕೊಂಡ.

ಸೆಪ್ಟೆಂಬರಿನ ಮೊದಲ ವಾರ, ಗುರುವಾರ ಬೆಳಿಗ್ಗೆ, ಕಿಲ್‌ಮೋರನ್ ತಂಡದ ಮ್ಯಾನೇಜರ್ ಫಿಂಟನ್ ಡರ್ಕನ್ ಫೋನು ಮಾಡಿದ. ಮೂವತ್ತನಾಲ್ಕು ವರ್ಷದಿಂದ ಒಂದು ಕಪ್ಪನ್ನೂ ಗೆದ್ದಿರದ ಕಿಲ್‌ಮೋರನ್ ಆ ವರ್ಷ ಮೂರಕ್ಕೆ ಮೂರೂ ಗೆದ್ದು ಪಟ್ಟಿಯ ಮೇಲ್ತುದಿಯಲ್ಲಿತ್ತು.

"ದಿಂಪ್ನಾ, ನಮ್ಮ ಗೋಲ್‌ಕೀಪರ್‌ಗೆ ಬಂದಿದೆ. ನಿನ್ನೆ ರಿಪೋರ್ಟು ಬಂತು. ಅವನ ಜೊತೆ ಪ್ರಾಕ್ಟೀಸ್ ಮಾಡಿದವರನ್ನೆಲ್ಲ ಹದಿನಾಲ್ಕು ದಿನ ಮನೇಲಿರಿ ಅಂದಿದ್ದೀನಿ. ಭಾನುವಾರ ಡ್ರಮ್‌ಲೀನ್ ಜೊತೆಗಿನ ಮ್ಯಾಚು ಮುಂದಕ್ಕೆ ಹಾಕು."

"ಮುಂದಕ್ಕೆ ಅಂದ್ರೆ ಎಲ್ಲಿಗೆ ಹಾಕ್ಲಿ ಫಿಂಟನ್? ಒಂದು ಭಾನುವಾರಾನೂ ಖಾಲಿ ಇಲ್ಲ. ಅಕ್ಟೋಬರ್ ಬಂದ್ರೆ ಮತ್ತೆ ಎಲ್ಲಾ ಮುಚ್ತಾರೆ."

"ಹದಿನೆಂಟರಲ್ಲಿ ಹದಿಮೂರು ಜನ ಒಳಗಿದ್ದಾರೆ. ಯಾರನ್ನ ಇಳಿಸ್ಲಿ? ನಮ್ಮಮ್ಮನ್ನ ಇಳಿಸ್ಲಾ?"

ನಿಯಮ ಪುಸ್ತಕ ಅವಳ ಕೈಯಲ್ಲೇ ಇತ್ತು. ನಿಗದಿಯಾದ ದಿನ ತಂಡ ಇಳಿಸದವರು ಸೋತಂತೆ, ಎದುರಾಳಿಗೆ ಮೂರು ಗೋಲು, ಮೂರು ಅಂಕ. ಅದನ್ನು ಬರೆದ ಕಾಲದಲ್ಲಿ ತಂಡ ಇಳಿಸದವರೆಂದರೆ ಹಿಂದಿನ ದಿನ ಯಾರದ್ದೋ ಮದುವೆಯಲ್ಲಿ ಕುಡಿದು ಮಲಗಿದವರು. ಇಡೀ ದಿನ ಯೋಚಿಸಿದಳು. ಒಬ್ಬರಿಗೆ ಬಿಟ್ಟರೆ ನಾಳೆ ಎಂಟೂ ತಂಡದವರು ಕೇಳುತ್ತಾರೆ, ಲೀಗು ಅರ್ಧಕ್ಕೇ ನಿಲ್ಲುತ್ತದೆ ಎನಿಸಿತು. ಇಡೀ ವರ್ಷ ಏನೊಂದೂ ಮುಗಿದಿರಲಿಲ್ಲ. ಇದೊಂದಾದರೂ ಮುಗಿಯಲಿ ಎಂಬುದು ಅವಳಿಗೆ ಹಟವಾಗಿತ್ತು. ಶುಕ್ರವಾರ ಎಂಟೂ ತಂಡಗಳಿಗೆ ಬರೆದು ಕಳಿಸಿದಳು: ಡ್ರಮ್‌ಲೀನ್ ಮೂರು, ಕಿಲ್‌ಮೋರನ್ ಸೊನ್ನೆ.

ಫಿಂಟನ್ ಕೂಗಾಡಲಿಲ್ಲ. "ನಾನು ಸುಮ್ಮನಿದ್ದಿದ್ರೆ ಆಡಬಹುದಿತ್ತು ಅಲ್ವಾ?" ಎಂದಷ್ಟೇ ಕೇಳಿದ. ಆಮೇಲೆ ಫೋನು ಇಟ್ಟ.

ಅದರ ಮುಂದಿನ ವಾರದ ಭಾನುವಾರ ಡ್ರಮ್‌ಲೀನಿನಲ್ಲಿ ಇನ್ನೊಂದು ತಂಡದ ಜೊತೆ ಪಂದ್ಯ, ರೆಫರಿ ಕೋಲ್ಮನ್. ಕಡಲ ಕಡೆಯಿಂದ ಮಳೆ ಅಡ್ಡಡ್ಡಲಾಗಿ ಹೊಡೆಯುತ್ತಿತ್ತು. ಪಂದ್ಯ ಮುಗಿದ ಮೇಲೆ ಕಾಗದ ನೆನೆಯುತ್ತದೆಂದು ಅವನು ಡ್ರಮ್‌ಲೀನ್ ಮ್ಯಾನೇಜರ್ ಮಾಸಿ ಲವೆಲ್ ಜೊತೆ ಹುಲ್ಲು ಕತ್ತರಿಸುವ ಯಂತ್ರ ಇಡುವ ತಗಡಿನ ಶೆಡ್ಡಿನೊಳಗೆ ಕುಳಿತು ವರದಿ ಬರೆದ. ಅರ್ಧ ಗಂಟೆಯೂ ಆಗಿರಲಿಕ್ಕಿಲ್ಲ. ಸಂಜೆ ದಿಂಪ್ನಾಳ ಹಿತ್ತಲಿನಲ್ಲಿ, ಆರು ಅಡಿ ಬಿಟ್ಟು ಹಾಕಿದ್ದ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ, "ಮಾಸಿಗೆ ಹುಲ್ಲಿನ ಅಲರ್ಜಿಯಂತೆ. ಮಳೇಲೂ ಕೆಮ್ಮಿದ್ದೇ ಕೆಮ್ಮಿದ್ದು," ಎಂದ. ಅವಳು ಸೋಡಾ ಬ್ರೆಡ್ಡಿನ ತಟ್ಟೆಯನ್ನು ಅವನತ್ತ ತಳ್ಳಿದಳು. ಆ ಮಾತು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

ಶುಕ್ರವಾರ ಅವನ ಫೋನು ಬಂತು. "ನಿನ್ನ ಚಹಾಗೆ ಯಾವತ್ತೂ ರುಚಿ ಇರಲಿಲ್ಲ ದಿಂಪ್ನಾ. ಈಗ ನಂದಕ್ಕೂ ಇಲ್ಲ."

"ಏನಂದೆ?"

"ಈರುಳ್ಳಿ ಹೆಚ್ಚಿ ಮೂಗಿಗೆ ಇಟ್ಕೊಂಡು ನೋಡ್ದೆ. ಏನೂ ಇಲ್ಲ."

ಮಂಗಳವಾರ ಅವನನ್ನು ಆಸ್ಪತ್ರೆಗೆ ಒಯ್ದರು. ಡ್ರಮ್‌ಲೀನಿನಲ್ಲಿ ಒಂಬತ್ತು ಜನರಿಗೆ ಬಂದಿತ್ತು. ದಿಂಪ್ನಾ ಉಳಿದ ಪಂದ್ಯಗಳನ್ನೆಲ್ಲ ಒಂದೇ ಸಾಲಿನಲ್ಲಿ ರದ್ದು ಮಾಡಿದಳು. ಯಾವುದನ್ನು ಮುಗಿಸಬೇಕೆಂದು ಅಷ್ಟು ಹಟ ಹಿಡಿದಿದ್ದಳೋ ಅದನ್ನು ನಿಲ್ಲಿಸಲು ಎರಡು ನಿಮಿಷವೂ ಬೇಕಾಗಲಿಲ್ಲ. ಅವಳಿಗೆ ರೋಗ ಅಂಟಿರಲಿಲ್ಲ. ನರ್ಸೊಬ್ಬಳು ದಿನಕ್ಕೊಮ್ಮೆ ಕೋಲ್ಮನ್ನನ ಕಿವಿಯ ಬಳಿ ಫೋನು ಹಿಡಿಯುತ್ತಿದ್ದಳು. ಏನು ಹೇಳಬೇಕೆಂದು ತೋಚದೆ ದಿಂಪ್ನಾ ಬರುವ ವರ್ಷದ ಪಂದ್ಯಪಟ್ಟಿ ಓದುತ್ತಿದ್ದಳು. ಯಾವ ಊರು, ಯಾವ ಬಯಲು, ರೆಫರಿ ಕೋಲ್ಮನ್ ಹೆವರಿನ್. ಅಂಥ ಪಟ್ಟಿ ಇರಲಿಲ್ಲ. ಬಾಯಿಗೆ ಬಂದದ್ದನ್ನು ಸೇರಿಸುತ್ತಿದ್ದಳು. ಆ ಕಡೆಯಿಂದ ಯಂತ್ರದ ಉಸಿರಿನ ಸದ್ದೊಂದೇ.

ಅಕ್ಟೋಬರ್ ಒಂಬತ್ತರಂದು ಅವನು ತೀರಿಕೊಂಡ.

ಸೋರ್ಖಾ ಪರ್ತ್‌ನಿಂದ ಫೋನು ಮಾಡಿದಳು. ಬರಲು ದಾರಿಯಿರಲಿಲ್ಲ. "ದಿಂಪ್ನಾ, ಚರ್ಚಿಗೆ ಇಪ್ಪತ್ತೈದೇ ಜನ ಅಂತೆ. ಪಟ್ಟಿ ಮಾಡೋದು ನಿಮಗೆ ಗೊತ್ತು. ನೀವೇ ಮಾಡಿಕೊಡ್ತೀರಾ?"

ದಿಂಪ್ನಾ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಬರೆದಳು. ಅವನ ಇಬ್ಬರು ತಮ್ಮಂದಿರು, ಅವರ ಹೆಂಡತಿಯರು, ಮಕ್ಕಳು. ಹೆಂಡತಿಯ ಕಡೆಯ ಅಕ್ಕತಂಗಿಯರು ನಾಲ್ವರು. ಜೊತೆಯಲ್ಲಿ ಒಲೆಗೆಂದು ಪೀಟ್ ಮಣ್ಣು ಕಡಿಯುತ್ತಿದ್ದ ಪಕ್ಕದ ಮನೆಯ ಅಣ್ಣತಮ್ಮಂದಿರು. ಶವಪೆಟ್ಟಿಗೆಗೆ ಹೆಗಲು ಕೊಡಲು ನಿಯಮದಂತೆ ಒಂದೇ ಮನೆಯವರಾದ ಆರು ಜನ. ಹೊಡೆದುಹಾಕಿ, ಸೇರಿಸಿ, ಮತ್ತೆ ಹೊಡೆದುಹಾಕಿ ಎಣಿಸಿದಾಗ ಇಪ್ಪತ್ತೈದು ತುಂಬಿತ್ತು. ಅವಳ ಹೆಸರು ಅದರಲ್ಲಿರಲಿಲ್ಲ. ಯಾರನ್ನು ತೆಗೆಯಲಿ ಎಂದು ಮತ್ತೊಮ್ಮೆ ಕಣ್ಣಾಡಿಸಿದಳು. ರಕ್ತಸಂಬಂಧವಿಲ್ಲ, ಮದುವೆಯಿಲ್ಲ, ಇಂಥವಳೆಂದು ಬರೆಯಲು ತನಗೊಂದು ಪದವೂ ಇಲ್ಲವೆಂದು ಅವಳಿಗೆ ಅರಿವಾದದ್ದು ಆಗ. ಪಟ್ಟಿಯನ್ನು ಹಾಗೇ ಕಳಿಸಿದಳು.

ಶವದ ಕಾರು ಹೋಗುವ ರಸ್ತೆಯುದ್ದಕ್ಕೂ ಎಂಟೂ ತಂಡದವರು ಜರ್ಸಿ ತೊಟ್ಟು, ಒಬ್ಬರಿಂದೊಬ್ಬರು ದೂರ ದೂರ ನಿಂತಿದ್ದರು. ದಿಂಪ್ನಾ ಸೇತುವೆಯ ಬಳಿ ನಿಂತಳು. ಫಿಂಟನ್ ರಸ್ತೆ ದಾಟಿ ಬಂದು ಆರು ಅಡಿ ದೂರದಲ್ಲಿ ನಿಂತ.

"ನೀನು ಒಳಗಿಲ್ವಾ?"

"ಇಪ್ಪತ್ತೈದು ತುಂಬಿತ್ತು."

"ಪಟ್ಟಿ ಯಾರು ಮಾಡಿದ್ದು?"

ಅವಳು ರಸ್ತೆಯ ತಿರುವಿನತ್ತ ನೋಡಿದಳು. ಅವನಿಗೆ ತಿಳಿಯಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದ. ಕಾರು ನಿಧಾನವಾಗಿ ಬಂತು, ಹೋಯಿತು. ಅಷ್ಟೇ ಆಗಿತ್ತು.

ವಾರ ಕಳೆದು ಮಾಸಿ ಲವೆಲ್ ಅಂಚೆ ಕಚೇರಿಗೆ ಬಂದ. ಅವನಿಗೂ ಬಂದು ಹೋಗಿತ್ತು. ಕೋಟು ಮೊಳೆಗೆ ನೇತುಹಾಕಿದಂತೆ ಹೆಗಲಿನಿಂದ ಜೋಲುತ್ತಿತ್ತು. ಬೇರೆ ಗಿರಾಕಿಗಳಿರಲಿಲ್ಲ. ಒಂದು ಸ್ಟ್ಯಾಂಪು ಕೇಳಿದ. ಅವಳು ಪ್ಲಾಸ್ಟಿಕ್ ಹಾಳೆಯ ಕೆಳಗಿಂದ ದಾಟಿಸಿದಳು. ಅವನು ತೆಗೆದುಕೊಳ್ಳಲಿಲ್ಲ.

"ನಂಗೆ ಗೊತ್ತಿತ್ತು ದಿಂಪ್ನಾ. ಆ ಭಾನುವಾರ ಬೆಳಿಗ್ಗೇನೇ ನಮ್ಮ ತಂಡದ ಒಬ್ಬ ಹುಡುಗನ ರಿಪೋರ್ಟು ಬಂದಿತ್ತು. ನಂಗೂ ಗಂಟಲು ಕೆರೀತಿತ್ತು."

ಅವಳು ಕೌಂಟರಿನ ಅಂಚು ಹಿಡಿದುಕೊಂಡಳು. "ನೀನು ಕೋಲ್ಮನ್ ಜೊತೆ ಶೆಡ್ಡಲ್ಲಿ ಕೂತಿದ್ದೆ."

"ಕೂತಿದ್ದೆ."

"ಯಾಕೆ ಹೇಳ್ಲಿಲ್ಲ ಮಾಸಿ?"

"ಹೇಳಿದವನಿಗೆ ಏನಾಯ್ತು ಅಂತ ನೋಡಿದ್ನಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಅದಕ್ಕೆ ಹತ್ತು ದಿನ ಮೊದಲಷ್ಟೇ ಫಿಂಟನ್ ನಿಜ ಹೇಳಿ ಮೂರು ಗೋಲು ತಿಂದ. ಆ ಮೂರೂ ನಂಗೇ ಬಂತು. ನಿನ್ನ ಮೇಲೆ ಹಾಕ್ತಿಲ್ಲ. ತಪ್ಪು ನಂದು. ಯಾರಿಗಾದ್ರೂ ಹೇಳ್ಬೇಕಿತ್ತು."

"ಹೋಗು ಮಾಸಿ," ಎಂದಳು. ಬಾಗಿಲು ಮುಚ್ಚಿದ ಮೇಲೆ ಬಹಳ ಹೊತ್ತು ಆ ಸ್ಟ್ಯಾಂಪನ್ನೇ ನೋಡುತ್ತ ನಿಂತಿದ್ದಳು.

ಸೋರ್ಖಾ ಒಂದು ದಿನ ಕೇಳಿಯೇ ಕೇಳುತ್ತಾಳೆಂದು ಅವಳಿಗೆ ಗೊತ್ತಿತ್ತು. ನವೆಂಬರಿನಲ್ಲಿ ಕೇಳಿದಳು. "ಅಪ್ಪನಿಗೆ ಎಲ್ಲಿ ಅಂಟಿತು ಅಂತ ಏನಾದ್ರೂ ಗೊತ್ತಾಯ್ತಾ?"

ದಿಂಪ್ನಾ ಹೇಳಿದಳು. ಬೇಡವೆಂದವನನ್ನು ತಾನೇ ಒಪ್ಪಿಸಿದ್ದು, ನಿಜ ಹೇಳಿದ ತಂಡವನ್ನು ತಾನೇ ಸೋಲಿಸಿದ್ದು, ಅದನ್ನು ಕಂಡ ಇನ್ನೊಬ್ಬ ಬಾಯಿ ಮುಚ್ಚಿಕೊಂಡದ್ದು, ಎಲ್ಲ. ಮಾಸಿಯ ಹೆಸರು ಮಾತ್ರ ಹೇಳಲಿಲ್ಲ. ಅದನ್ನು ಹೇಳಿದರೆ ತನ್ನ ಪಾಲು ಹಗುರವಾದೀತೆಂಬ ಭಯ ಅವಳಿಗೆ.



"ಇದನ್ನ ಕೇಳಿ ನಾನೇನು ಹೇಳ್ಬೇಕು ಅಂತ ನನಗೆ ಗೊತ್ತಾಗ್ತಿಲ್ಲ ದಿಂಪ್ನಾ," ಎಂದಳು ಸೋರ್ಖಾ. "ಪರವಾಗಿಲ್ಲ ಅಂತ ಹೇಳೋಕೆ ಆಗಲ್ಲ."

"ಹೇಳ್ಬೇಡಮ್ಮ."

"ನಿಮ್ಮನ್ನ ಚರ್ಚಲ್ಲಿ ಹುಡುಕಿದೆ ನಾನು. ಕಂಪ್ಯೂಟರ್‌ನಲ್ಲಿ ನೋಡ್ತಿದ್ನಲ್ಲ. ಒಬ್ಬೊಬ್ಬರದ್ದೇ ತಲೆ ಎಣಿಸಿದೆ. ನೀವು ಯಾಕಿರಲಿಲ್ಲ?"

ಅದಕ್ಕೆ ಮಾತ್ರ ದಿಂಪ್ನಾ ಅತ್ತುಬಿಟ್ಟಳು. ಆ ಕಡೆಯವಳೂ ಅತ್ತಳು. ಇಬ್ಬರೂ ಫೋನು ಇಡಲಿಲ್ಲ.

ಮರುವರ್ಷ ಜೂನಿನಲ್ಲಿ ಆಟಕ್ಕೆ ಮತ್ತೆ ಅನುಮತಿ ಸಿಕ್ಕಿತು. ದಿಂಪ್ನಾ ಎಂಟೂ ತಂಡಗಳಿಗೆ ಕಾಗದ ಬರೆದಳು. ರೋಗವಿದೆಯೆಂದು ತಿಳಿಸಿದ ತಂಡ ಇನ್ನು ಮುಂದೆ ಅಂಕ ಕಳೆದುಕೊಳ್ಳುವುದಿಲ್ಲ; ಹೋದ ವರ್ಷದ ನನ್ನ ತೀರ್ಮಾನ ತಪ್ಪು; ಎರಡೂ ತಂಡ ಒಪ್ಪಿದರೆ ಆ ಪಂದ್ಯ ಮೊದಲು ನಡೆಯಲಿ, ಆಮೇಲೆ ಹೊಸ ಲೀಗು; ಹೊಸ ಕಾರ್ಯದರ್ಶಿಯನ್ನು ಹುಡುಕಿಕೊಳ್ಳಿ. ಒಪ್ಪಿಗೆ ಮೊದಲು ಬಂದದ್ದು ಡ್ರಮ್‌ಲೀನಿನಿಂದ. ಮಾಸಿ ಮ್ಯಾನೇಜರ್ ಕೆಲಸ ಬಿಟ್ಟಿದ್ದ. ಪಂದ್ಯದ ದಿನ ಅವನು ಬಂದಿದ್ದ, ಆದರೆ ಒಳಗೆ ಬರದೆ ರಸ್ತೆಯಲ್ಲೇ, ಕಲ್ಲಿನ ಗೋಡೆಯ ಆಚೆ ನಿಂತಿದ್ದ. ದಿಂಪ್ನಾ ಒಮ್ಮೆ ಅವನತ್ತ ನೋಡಿ ತಲೆಯಾಡಿಸಿದಳು. ಅದಕ್ಕಿಂತ ಹೆಚ್ಚು ಅವಳಿಂದಾಗಲಿಲ್ಲ.

ರೆಫರಿ ಯಾರೋ ಹೊಸಬ. ಚೆನ್ನಾಗಿಯೇ ಆಡಿಸಿದ. ಕಿಲ್‌ಮೋರನ್ನಿನವರು ಮೊದಲು ಒಂದು ಗೋಲು ಹೊಡೆದರು. ಒಂಬತ್ತು ತಿಂಗಳು ಮನೆಯಲ್ಲಿ ಕುಳಿತ ಮೈ ಎರಡನೆಯ ಅರ್ಧದಲ್ಲಿ ಅವರ ಮಾತು ಕೇಳಲಿಲ್ಲ. ಡ್ರಮ್‌ಲೀನ್ ಎರಡು ಹೊಡೆಯಿತು. ಕೊನೆಯ ಸೀಟಿ ಊದಿದಾಗ ಫಿಂಟನ್ ಸೊಂಟದ ಮೇಲೆ ಕೈಯಿಟ್ಟು ನಿಂತಲ್ಲೇ ನಿಂತಿದ್ದ. ದಿಂಪ್ನಾ ಅವನ ಬಳಿಗೆ ಹೋದಳು.

"ಕ್ಷಮಿಸು ಫಿಂಟನ್. ಹೋದ ವರ್ಷದ ನಿನ್ನ ತಂಡ ಆಗಿದ್ರೆ ಗೆಲ್ತಿತ್ತು."

"ಗೆಲ್ತಿತ್ತೇನೋ. ಈ ವರ್ಷದ್ದು ಸೋತಿದೆ." ಅವನು ಮುಖ ಒರೆಸಿಕೊಂಡ. "ಆದ್ರೆ ಈಗ ಆಡಿ ಸೋತಿದ್ದೀವಿ ಅಂತ ಹೇಳ್ಕೋಬಹುದು. ಆಗ ಅದನ್ನೂ ಹೇಳ್ಕೊಳ್ಳೋ ಹಾಗಿರಲಿಲ್ಲ. ಹೊಸ ಪಟ್ಟಿ ಯಾವಾಗ ಕೊಡ್ತೀಯ?"

"ನಾನು ಬಿಟ್ಟಿದ್ದೀನಲ್ಲ, ಕಾಗದದಲ್ಲಿ ಬರೆದಿದ್ದೆ."

"ಓದ್ದೆ. ಯಾರೂ ಮುಂದೆ ಬಂದಿಲ್ಲ. ಬರೋದೂ ಇಲ್ಲ."

ಆಟಗಾರರು ಬೂಟು ಬಿಚ್ಚಿ ಹುಲ್ಲಿನ ಮೇಲೆ ಕುಳಿತಿದ್ದರು. ಯಾರೋ ತಂದ ಹ್ಯಾಮ್ ಸ್ಯಾಂಡ್‌ವಿಚ್ಚುಗಳು ಎರಡೂ ತಂಡಗಳ ನಡುವೆ ಸುತ್ತುತ್ತಿದ್ದವು. ಈ ಹೊತ್ತಿನಲ್ಲಿ ಕೋಲ್ಮನ್ ಇದ್ದಿದ್ದರೆ ವರದಿಯ ಕಾಗದ ಮಡಚುತ್ತ ಅವಳ ಕಾರಿನ ಬಳಿಗೆ ಬರುತ್ತಿದ್ದ. ಹೊಸ ರೆಫರಿ ತನ್ನ ವರದಿಯನ್ನು ಫೋನಿನಲ್ಲೇ ಕಳಿಸುವೆನೆಂದು ಹೇಳಿ ಆಗಲೇ ಹೊರಟುಹೋಗಿದ್ದ.

"ಗುರುವಾರ ಕೊಡ್ತೀನಿ," ಎಂದಳು ದಿಂಪ್ನಾ. ಕಾರಿನ ಬಾಗಿಲು ತೆಗೆದು ಒಳಗೆ ಕೂತಳು. ಬಯಲು ಖಾಲಿಯಾಗಿ, ಗೋಲಿನ ಬಲೆಗಳನ್ನು ಬಿಚ್ಚಿ ಒಯ್ಯುವವರೆಗೂ ಹಾಗೇ ಕುಳಿತಿದ್ದಳು. ಆಮೇಲೆ ಮನೆಗೆ ಹೋಗಿ, ಒಬ್ಬಳಿಗೆ ಬೇಕಾದಷ್ಟು ಚಹಾಕ್ಕೆ ನೀರಿಟ್ಟಳು.