ಹೆಂಗಸರ ಸಂಡಾಸು

ಖಾನಾಪುರದ ಕಡೆಯ ಬೀಡಿ ಊರಿನಲ್ಲಿ ಅಣ್ಣನ ಮಗಳ ನಿಶ್ಚಯ ಮುಗಿಸಿಕೊಂಡು ಬೆಳಗಾವಿಗೆ ಮರಳಿದ ಸಾವಂತ್ರವ್ವ ತನ್ನ ಓಣಿಯ ತಿರುವಿನಲ್ಲಿ ನಿಂತುಬಿಟ್ಟಳು. ಹೆಂಗಸರ ಸಂಡಾಸು ಇದ್ದ ಜಾಗದಲ್ಲಿ ಇಟ್ಟಂಗಿಯ ಗುಡ್ಡೆ ಬಿದ್ದಿತ್ತು. ತಗಡಿನ ಬಾಗಿಲುಗಳನ್ನು ಕಿತ್ತು ಗೋಡೆಗೆ ಆನಿಸಿದ್ದರು. ಯಾರೋ ಆಗಲೇ ಸುಣ್ಣದ ಪುಡಿಯಿಂದ ನೆಲದ ಮೇಲೆ ಹೊಸ ಕಟ್ಟಡದ ಗೆರೆ ಎಳೆದಿದ್ದರು.

ಅವಳು ಮನೆಗೆ ಹೋಗಲಿಲ್ಲ. ಗಂಟು ಕಂಕುಳಲ್ಲಿ ಇರುವಂತೆಯೇ ನೇರ ಉಳವಪ್ಪನ ಅಂಗಡಿಗೆ ಹೋದಳು.

ಹಿಂಡಲಗಾ ರಸ್ತೆಯ ಬದಿಯ ಆ ನಾಲ್ಕು ಗಲ್ಲಿಗಳು ಮೊದಲು ನಳದ ನೀರಿಗಾಗಿ ಒಂದರ ಮೇಲೊಂದು ಬೀಳುತ್ತಿದ್ದವು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಹಿರಿಯರು ಕೂಡಿ, ಜಗಳಾಡಿದರೆ ಯಾರಿಗೂ ಏನೂ ಸಿಗುವುದಿಲ್ಲವೆಂದು ನಾಲ್ಕೂ ಗಲ್ಲಿಗಳಿಗೆ ಸೇರಿ ಒಂದು ಮಂಡಳಿ ಕಟ್ಟಿದ್ದರು. ಮೆಣಸಿನಕಾಯಿ ವ್ಯಾಪಾರಿ ದುಂಡಪ್ಪ ಅಧ್ಯಕ್ಷ. ಕಿರಾಣಿ ಅಂಗಡಿಯ ಉಳವಪ್ಪ ಕಾರ್ಯದರ್ಶಿ. ಹೆಂಗಸೊಬ್ಬಳು ಇರಲಿ, ನೋಡಿದವರಿಗೆ ಚೆನ್ನಾಗಿ ಕಾಣುತ್ತದೆ ಎಂದು ಕುರುಬರ ಓಣಿಯಿಂದ ಸಾವಂತ್ರವ್ವನನ್ನು ಸೇರಿಸಿಕೊಂಡಿದ್ದರು. ಬಾಲವಾಡಿಯಲ್ಲಿ ಆಯಾ ಆಗಿದ್ದ ಅವಳಿಗೆ ಸಹಿ ಮಾಡಲು ಬರುತ್ತಿತ್ತು, ಅದೇ ಸಾಕಾಗಿತ್ತು. ಸಭೆಯಲ್ಲಿ ಗಂಡಸರು ಕುರ್ಚಿಯಲ್ಲಿ, ಅವಳು ಬಾಗಿಲ ಬಳಿ ಚಾಪೆಯ ಮೇಲೆ. ಚಹಾ ಬಂದಾಗ ಕಪ್ಪು ಬಸಿ ಹಂಚುವ ಕೆಲಸವೂ ಹೇಗೋ ಅವಳದೇ ಆಗಿತ್ತು.

ಅದನ್ನೆಲ್ಲ ಅವಳು ನುಂಗಿಕೊಂಡಿದ್ದಳು. ಬೀದಿದೀಪ ಬಂದವು, ಗಟಾರ ಆಯಿತು. ಆದರೆ ದುಂಡಪ್ಪ ತನ್ನ ಮನೆಯ ಮೇಲೆ ಮಾಳಿಗೆ ಏರಿಸಿದಾಗ, ಅದರ ಗ್ಯಾಲರಿ ಸರಿಯಾಗಿ ಹೆಂಗಸರ ಸಂಡಾಸಿನ ಎದುರಿಗೇ ಬಂತು. ಆ ಮೇಲೆ ಅವನಿಗೆ ಒಮ್ಮಿಂದೊಮ್ಮೆಲೆ ವಾಸನೆ ಹತ್ತಿತು. ಅದನ್ನು ಕೆಡವಿ ಅಲ್ಲಿ ನಾಲ್ಕೂ ಗಲ್ಲಿಗಳಿಗೆ ಒಂದು ಸಭಾಭವನ ಕಟ್ಟೋಣ, ಸಂಡಾಸನ್ನು ಮುಂದೆ ಎಲ್ಲಾದರೂ ನೋಡೋಣ ಎಂದು ಸಭೆಯಲ್ಲಿ ಹೇಳಿದ. ಮೊದಲು ಹೊಸದು ಕಟ್ಟಿ, ಆಮೇಲೆ ಹಳೆಯದನ್ನು ಮುಟ್ಟಿರಿ ಎಂದು ಸಾವಂತ್ರವ್ವ ಚಾಪೆಯಿಂದಲೇ ಹೇಳಿದ್ದಳು. ಎಲ್ಲರೂ ತಲೆ ಅಲ್ಲಾಡಿಸಿದ್ದರು. ವಿಚಾರ ಮಾಡೋಣ ಅಂದಿದ್ದರು.

ಅಂಗಡಿಯಲ್ಲಿ ಉಳವಪ್ಪ ಅವಳ ಮುಖ ನೋಡದೆ ಬೆಲ್ಲದ ಪೆಂಟೆ ಒಡೆಯುತ್ತಲೇ ಇದ್ದ. ಸಭೆಯನ್ನು ಗೊತ್ತಾದ ದಿನಕ್ಕಿಂತ ಎರಡು ದಿನ ಮುಂಚೆ ಕರೆಯಬೇಕಾಯಿತು, ಕೆಲಸದವರು ಸಿಕ್ಕರು, ಅದಕ್ಕೇ ಅವಸರ ಎಂದ.

“ಯಾರೂ ಬ್ಯಾಡ ಅನ್ನಲಿಲ್ಲ ಸಾವಂತ್ರವ್ವ. ಸರ್ವಾನುಮತದಿಂದ ಪಾಸ್ ಆತು.”

“ಬ್ಯಾಡ ಅನ್ನಾಕಿನ ಊರಾಗ ಇರಲಿಲ್ಲಲ್ರೀ,” ಅಂದಳು ಸಾವಂತ್ರವ್ವ. “ನಾ ಊರಿಗಿ ಹೋಗೂದನ್ನ ನಿಮಗ ಹೇಳೇ ಹೋಗಿದ್ನಿ.”

ಅವನು ಇನ್ನೊಂದು ಪೆಂಟೆ ಎತ್ತಿಕೊಂಡ. ಅವನೇ ದುಂಡಪ್ಪನಿಗೆ ಆ ಸುದ್ದಿ ಮುಟ್ಟಿಸಿದ್ದಾನೆಂದು ಅವಳಿಗೆ ಅಲ್ಲೇ ತಿಳಿಯಿತು.

ದುಂಡಪ್ಪನ ಮನೆಗೂ ಹೋದಳು. ಅವನು ಉಯ್ಯಾಲೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಮಂಡಳಿ ಅಂದ ಮೇಲೆ ಹೆಚ್ಚಿನವರ ಮಾತು ನಡೆಯುತ್ತದೆ, ಮಳೆಗಾಲ ಕಳೆಯಲಿ, ನಾಲೆಯ ಆಚೆ ಜಾಗ ನೋಡೋಣ, ಅಲ್ಲಿಯವರೆಗೆ ಸ್ವಲ್ಪ ಹೊಂದಿಸಿಕೊಳ್ಳಬೇಕು ಎಂದು ಮಗುವಿಗೆ ಹೇಳುವಂತೆ ಹೇಳಿದ. ಎಲ್ಲಿ ಹೊಂದಿಸಿಕೊಳ್ಳಬೇಕೆಂದು ಕೇಳಿದರೆ ಬಯಲಿನ ಕಡೆ ಕೈ ತೋರಿಸಿದ.

ಬಯಲೆಂದರೆ ರಸ್ತೆಯ ಆಚೆಗಿನ ಕಲ್ಲಿನ ಖಣಿ. ನಸುಕು ಹರಿಯುವ ಮೊದಲೇ ಎದ್ದು, ಲಾರಿಗಳ ನಡುವೆ ರಸ್ತೆ ದಾಟಿ ಹೋಗಬೇಕು. ಹಗಲೆಲ್ಲ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಮುಟ್ಟಾದವರ ಪಾಡು ಹೇಳತೀರದು. ಸಾವಂತ್ರವ್ವನ ಸೊಸೆ ಮಾಯಕ್ಕನಿಗೆ ಆಗ ಏಳು ತಿಂಗಳು. ಒಂದು ನಸುಕಿನಲ್ಲಿ ಇಬ್ಬರೂ ಖಣಿಯ ಅಂಚಿನಲ್ಲಿ ಕೂತಿದ್ದಾಗ ಲಾರಿಯೊಂದು ರಸ್ತೆಯ ಮೇಲೆ ನಿಂತಿತು. ಡ್ರೈವರ್ ಅದನ್ನು ಹೊರಳಿಸಿ ಎರಡೂ ದೀಪಗಳನ್ನು ಅವರ ಮೇಲೆ ಬಿಟ್ಟ. ಒಳಗಿನಿಂದ ನಗು ಕೇಳಿಸಿತು. ಮಾಯಕ್ಕ ಗಡಬಡಿಸಿ ಏಳಲು ಹೋಗಿ ಕಲ್ಲಿನ ಮೇಲೆ ಮೊಣಕಾಲೂರಿ ಬಿದ್ದಳು. ಸಾವಂತ್ರವ್ವ ಸೆರಗು ಬಿಚ್ಚಿ ಸೊಸೆಗೆ ಅಡ್ಡ ಹಿಡಿದು ಆ ಬೆಳಕಿನಲ್ಲಿ ನಿಂತಳು. ಲಾರಿ ಹೋಗುವವರೆಗೂ ಹಾಗೆಯೇ ನಿಂತಳು.

ಹೊಟ್ಟೆಯ ಕೂಸಿಗೆ ಏನೂ ಆಗಿರಲಿಲ್ಲ. ಮನೆಗೆ ಬಂದು ಸಾವಂತ್ರವ್ವ ಸೊಸೆಯ ಮೊಣಕಾಲಿಗೆ ಅರಿಸಿನ ಹಚ್ಚಿದಳು. ಅವಳ ಸಿಟ್ಟು ಆ ಡ್ರೈವರನ ಮೇಲೆ ನಿಲ್ಲಲಿಲ್ಲ. ಅವನು ಯಾವ ಊರಿನವನೋ ಏನೋ. ತನ್ನದೇ ಮಂಡಳಿ, ತಾನು ಬಸಿ ತುಂಬಿ ಚಹಾ ಕೊಟ್ಟ ಮಂದಿ, ತನ್ನನ್ನು ಅಲ್ಲಿಗೆ ಕಳಿಸಿದ್ದರು. ಗಂಡ ಕರೆಪ್ಪ, ದೊಡ್ಡವರ ಕೂಡ ಯಾಕೆ, ಅರ್ಜಿ ಕೊಡೋಣ ಎಂದ. ಅರ್ಜಿ ಕೊಟ್ಟು ಉತ್ತರ ಬರುವತನಕ ಹೊಟ್ಟೆ ಬಿಗಿಹಿಡಿದುಕೊಂಡು ಕೂತಿರುತ್ತೀಯೇನು ಎಂದು ಅವಳು ಅವನ ಬಾಯಿ ಮುಚ್ಚಿಸಿದಳು. ಗಂಡಸರ ಸಂಡಾಸನ್ನು ಯಾರೂ ಮುಟ್ಟಿರಲಿಲ್ಲ.

ಆ ದಿನ ಬಾಲವಾಡಿ ಬಿಟ್ಟ ಮೇಲೆ ಅವಳು ಓಣಿಯ ಮನೆಮನೆಗೂ ಹೋದಳು. ಮರುದಿನ ಬೆಳಗಾಗುವಷ್ಟರಲ್ಲಿ ಕುರುಬರ ಓಣಿಯ ಹೆಂಗಸರೆಲ್ಲ ತಂಬಿಗೆ ಹಿಡಿದು ದುಂಡಪ್ಪನ ಬಾಗಿಲ ಮುಂದೆ ಸಾಲುಗಟ್ಟಿದ್ದರು. ಹಿಂದಿನ ಗಲ್ಲಿಯಿಂದಲೂ ಕೆಲವರು ಬಂದಿದ್ದರು. ಮುದುಕಿಯರು ಕಟ್ಟೆಯ ಮೇಲೆ ಕೂತಿದ್ದರು. ಯಾರೂ ಕೂಗಾಡಲಿಲ್ಲ.

ದುಂಡಪ್ಪ ಬಾಗಿಲು ತೆಗೆದ. ಏನಿದು ಎಂದು ಕೇಳಿದ.

“ಹೊಂದಿಸಿಕೊಳ್ಳಾಕ ಬಂದೇವ್ರಿ ಸಾವ್ಕಾರ್ರ,” ಅಂದಳು ಸಾವಂತ್ರವ್ವ. “ನಮ್ಮದನ್ನ ಕೆಡವೀರಿ. ನಿಮ್ಮ ಮನ್ಯಾಗ ಒಂದ ಐತಲ್ಲ.”

ಅವನು ಬಾಗಿಲು ಹಾಕಿಕೊಂಡ. ಹೆಂಗಸರು ಕದಲಲಿಲ್ಲ. ಪೇಟೆಗೆ ಹೊರಟಾಗ ಅವನು ಧೋತರ ಎತ್ತಿಕೊಂಡು ತಂಬಿಗೆಗಳ ನಡುವೆ ದಾರಿ ಹುಡುಕುತ್ತ ಹೋಗಬೇಕಾಯಿತು. ಬೀದಿಯ ಜನ ನಿಂತು ನೋಡಿದರು, ಕೆಲವರು ಮುಖ ತಿರುಗಿಸಿ ನಕ್ಕರು.

ಮರುದಿನ ಹೆಂಗಸರು ಮತ್ತೆ ಬಂದರು. ಅಂದು ಮುಂಬಾಗಿಲು ತೆರೆಯಲಿಲ್ಲ. ಹಿತ್ತಿಲ ಬಾಗಿಲು ತೆರೆಯಿತು. ದುಂಡಪ್ಪನ ಹೆಂಡತಿ ಕಾಂತಾ ಹೊರಗೆ ಬಂದಳು. ಹಲಸಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ, ಈ ಮನೆಯಲ್ಲಿ ಇನ್ನೂ ಸಂಡಾಸು ಇಲ್ಲದಿದ್ದಾಗ, ಅವಳೂ ಈ ಹೆಂಗಸರ ಜೊತೆಗೇ ಆ ತಗಡಿನ ಬಾಗಿಲ ಮುಂದೆ ಪಾಳಿ ಹಚ್ಚಿದವಳು.

“ಹಂಡೆ ತುಂಬಿಸೇನಿ,” ಅಂದಳು ಕಾಂತಾ. “ಬಸರಿ ಹುಡಿಗಿನ ಮೊದಲ ಕಳಸ್ರಿ.”

ಮಾಯಕ್ಕ ಒಳಗೆ ಹೋದಳು. ದುಂಡಪ್ಪ ಮಾಳಿಗೆಯಿಂದ ದಡದಡ ಇಳಿದು ಬಂದು ಹೆಂಡತಿಯ ರಟ್ಟೆ ಹಿಡಿದು ಜಗ್ಗಿದ. ಇದು ಯಾರ ಮನೆ, ಯಾರನ್ನು ಕೇಳಿ ಬಾಗಿಲು ತೆಗೆದೆ ಎಂದು ಎಲ್ಲರೆದುರು ಒದರಿದ. ಕಾಂತಾ ಕೈ ಕೊಡವಿಕೊಂಡಳು. ಅವಳ ಮುಖ ಕೆಂಪಾಗಿತ್ತು, ದನಿ ಮಾತ್ರ ಏರಲಿಲ್ಲ.

“ಯಾರ ಮನಿ ಅಂತ ನನಗೂ ಇವತ್ತ ತಿಳೀತು,” ಅಂದಳು.

ಅಷ್ಟೂ ಹೆಂಗಸರು ಹೋಗಿ ಬರುವತನಕ ಅವಳು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಒಂದು ಟ್ರಂಕಿನಲ್ಲಿ ಸೀರೆಗಳನ್ನಿಟ್ಟುಕೊಂಡು ಖಾನಾಪುರದ ಬಸ್ಸು ಹತ್ತಿ ತವರಿಗೆ ಹೊರಟುಹೋದಳು.

ಆ ಸಂಜೆಯೇ ಮಂಡಳಿಯ ಸಭೆ ಕೂಡಿತು. ಸಾವಂತ್ರವ್ವ ಚಾಪೆಯತ್ತ ಹೋಗದೆ ಗೋಡೆಯ ಬಳಿಯಿದ್ದ ಕುರ್ಚಿಯನ್ನು ಎಳೆದುಕೊಂಡು ಕೂತಳು. ದುಂಡಪ್ಪನ ಪರವಾಗಿ ಉಳವಪ್ಪ ಹೇಳಿದ: ಸಂಡಾಸನ್ನು ಅಲ್ಲಿಯೇ ಕಟ್ಟಿಸುತ್ತೇವೆ. ಆದರೆ ಮಂಡಳಿಯ ಮರ್ಯಾದೆ ಬೀದಿಗೆ ಬಂದಿದೆ, ಸಾವಂತ್ರವ್ವ ರಾಜೀನಾಮೆ ಕೊಡಬೇಕು.

“ಕೊಡೂದಿಲ್ಲ,” ಅಂದಳು ಅವಳು. “ಸಂಡಾಸ ಕಟ್ಟೂದು ನೀವು ನನಗ ಮಾಡೂ ಉಪಕಾರ ಅಲ್ಲ. ನಾಳಿ ಇಟ್ಟಂಗಿ ಹಚ್ಚಾಕ ಸುರು ಆಗಲಿಲ್ಲಂದ್ರ ನಾಡಿದ್ದ ಮಂಡಳ್ಯಾಗಿನ ಎಲ್ಲಾರ ಮನಿಗಿ ಬರತೇವಿ. ಉಳವಪ್ಪ ಅವರ, ನಿಮ್ಮ ಮನಿಗೂ.”

ಉಳವಪ್ಪ ತಟ್ಟನೆ ದುಂಡಪ್ಪನ ಮುಖ ನೋಡಿದ. ಆಮೇಲೆ ಯಾರೂ ರಾಜೀನಾಮೆಯ ಮಾತೆತ್ತಲಿಲ್ಲ. ಚಹಾ ಬಂತು, ತಟ್ಟೆಯಲ್ಲಿಯೇ ತಣ್ಣಗಾಯಿತು.

ಮಳೆ ಜೋರಾಗುವ ಮೊದಲೇ ಸಂಡಾಸು ಎದ್ದು ನಿಂತಿತು. ಉದ್ಘಾಟನೆ ಎಂದು ದುಂಡಪ್ಪನೇ ರಿಬ್ಬನ್ ಕತ್ತರಿಸಿದ, ಮಂಡಳಿಯ ಸತತ ಪ್ರಯತ್ನದ ಬಗ್ಗೆ ಭಾಷಣವನ್ನೂ ಮಾಡಿದ. ಆರತಿ ತಟ್ಟೆ ಹಿಡಿಯಲು ಕರೆದರೆ ಸಾವಂತ್ರವ್ವ ಹೋಗಲಿಲ್ಲ. ಗೆದ್ದೆವೆಂದು ಹೆಂಗಸರು ಅವಳ ಕೈ ಹಿಡಿದು ಕುಲುಕಿದರು. ಅವಳಿಗೆ ನಗು ಬರಲಿಲ್ಲ. ತಮ್ಮದೇ ಆಗಿದ್ದ ವಸ್ತುವನ್ನು ತಿರುಗಿ ಪಡೆಯುವುದಕ್ಕೆ ಇಷ್ಟೆಲ್ಲ ಆಗಬೇಕಿತ್ತೇ, ಮೇಲೆ ಅವನಿಗೆ ಚಪ್ಪಾಳೆ ಬೇರೆಯೇ ಎಂದು ಒಳಗೇ ಕುದಿಯುತ್ತಿದ್ದಳು. ಕಾಂತಾ ಅಲ್ಲಿರಲಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ರವಿವಾರ ಸಾವಂತ್ರವ್ವ ಹಲಸಿಗೆ ಹೋದಳು. ಕಾಂತಾ ತವರುಮನೆಯ ಪಡಸಾಲೆಯಲ್ಲಿ ಭತ್ತ ಹಸನು ಮಾಡುತ್ತಿದ್ದಳು. ಸಾವಂತ್ರವ್ವನನ್ನು ಒಳಗೆ ಕರೆದು ಪಕ್ಕದಲ್ಲೇ ಕೂರಿಸಿಕೊಂಡು, ಸಂಡಾಸಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದ್ದಾರೆಯೇ ಎಂದು ಮೊದಲು ಕೇಳಿದಳು. ಹಾಕಿಸಿದ್ದಾರೆ ಎಂದು ಸಾವಂತ್ರವ್ವ ಹೇಳಿದಳು. ಮಾಯಕ್ಕನ ಸುದ್ದಿಯನ್ನೂ ಹೇಳಿದಳು. ನಮ್ಮ ದೆಸೆಯಿಂದ ನಿಮ್ಮ ಸಂಸಾರ ಒಡೆಯಬಾರದು, ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದಳು.

ಕಾಂತಾ ಮೊರವನ್ನು ಕೆಳಗಿಟ್ಟಳು.

“ನಿಮ್ಮ ದೆಸೀಲಿಂದ ಬಂದಿಲ್ಲ ನಾ. ಅಷ್ಟ ಮಂದಿ ಮುಂದ ರಟ್ಟಿ ಹಿಡದ ಜಗ್ಗಿದರು. ಅವರ ಬಂದು ಕರೀಲಿ. ಅಲ್ಲೀಮಟ ನನ್ನ ಸಿಟ್ಟ ನನಗಿರಲಿ, ಸಾವಂತ್ರವ್ವ.”

ಸಾವಂತ್ರವ್ವ ಮತ್ತೆ ಒತ್ತಾಯ ಮಾಡಲಿಲ್ಲ. ಇನ್ನೊಂದು ಮೊರವನ್ನು ಎಳೆದುಕೊಂಡು ಅವಳ ಎದುರಿಗೆ ಕೂತು ಭತ್ತ ಕೇರತೊಡಗಿದಳು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.