ಡ್ರಮ್ಮಿನ ನಡುವಿನ ಬಿಸಿ

ಮೋಡ ಕವಿದು ಕೂತಿದ್ದರಿಂದ ಕುರುಗೋಡಿನ ಹೊನ್ನೂರಮ್ಮ ಬೀಜಕ್ಕೆಂದು ಎತ್ತಿಟ್ಟ ಭತ್ತ ಒಣಗಲೊಲ್ಲದು. ಅದನ್ನು ಆಟೋದಲ್ಲಿ ಹೇರಿಕೊಂಡು, ತಮ್ಮ ಹುಲುಗೇಶ್ ಕೆಲಸ ಮಾಡುವ ಸಿರುಗುಪ್ಪದ ರೈಸ್‌ಮಿಲ್ಲಿಗೆ ಬಂದಿಳಿದಳು.

“ಲೇ ಹುಲುಗ್ಯಾ, ಇದು ಅಕ್ಕಿ ಮಾಡೋ ನೆಲ್ಲಲ್ಲ, ಬೀಜದ್ದು. ಒಳಗ ಜೀವ ಐತಿ. ಹುರಿದು ಕೊಟ್ಟಿ ಅಂದ್ರ ನಿನ್ನ ತಲಿಮ್ಯಾಲೇ ಸುರುವತೀನಿ.”

“ನೀ ಸುಮ್ನ ಕುಂದ್ರು ಯಕ್ಕಾ. ಈ ಡ್ರಮ್ಮು ನನ್ನ ಮಾತು ಕೇಳತೈತಿ.”

ಹೊಟ್ಟಿನ ಒಲೆಯ ಬಿಸಿಗಾಳಿ ಭತ್ತ ಒಣಗಿಸುವ ಡ್ರಮ್ಮಿನ ನಡುವಿನ ತೂತುಗೊಳವೆಯಿಂದ ಹೊರಟು ಕಾಳುಗಳ ಸಂದಿಯಲ್ಲಿ ನುಸುಳಬೇಕು. ಡ್ರಮ್ಮು ಮೆಲ್ಲಗೆ ಉರುಳುತ್ತ ಕಾಳು ಮಗುಚಬೇಕು. ಆ ಮೆಲ್ಲಗೆ ಎನ್ನುವುದೇ ಹುಲುಗೇಶನಿಗೆ ಆಗದ ಮಾತು. ಬೇಗ ತಿರುಗಿದರೆ ಬೇಗ ಒಣಗೀತೆಂದು, ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಓಟ ಹೆಚ್ಚಿಸುವ ಬೇರೆ ಪುಲ್ಲಿ, ಬೆಲ್ಟಿನ ಗಾಲಿ, ತಂದು ಅವತ್ತೇ ಹಾಕಿದ್ದ.

ಅಕ್ಕನ ಭತ್ತ ತುಂಬಿ ಸ್ವಿಚ್ಚೊತ್ತಿದ; ಡ್ರಮ್ಮು ಗಿರ್ರನೆ ತಿರುಗಿತು. ಮಿಲ್ಲಿನವರ ರೂಢಿಯಂತೆ, ಜ್ವರ ಬಂದ ಕೂಸಿನ ಹಣೆ ನೋಡುವ ಹಾಗೆ, ತಗಡಿಗೆ ಅಂಗೈ ಸೋಕಿಸಿದ. ತಣ್ಣಗಿತ್ತು. ಒಲೆಗೆ ಹೊಟ್ಟು ಸುರಿದ. ಮತ್ತೆ ಸೋಕಿಸಿದ, ತಣ್ಣಗೇ ಇತ್ತು. ಇನ್ನಷ್ಟು ಸುರಿದ.

“ಸಪ್ಪಳ ನಿಂತೈತಲ್ಲೋ,” ಎಂದಳು ಹೊನ್ನೂರಮ್ಮ.

“ಯಾವ ಸಪ್ಪಳ?”

“ಕಾಳು ಉದುರೋದು. ಒಳಗ ಏನೂ ಹೊಳ್ಳಿ ಬೀಳವಲ್ದು.”

ಹುಲುಗೇಶ್ ಕಿವಿಗೊಟ್ಟ, ಆಗ ಹೊಳೆಯಿತು. ಓಟದ ರಭಸಕ್ಕೆ ಕಾಳೆಲ್ಲ ಗೋಡೆಗೆ ಒತ್ತಿಕೊಂಡು ಗಟ್ಟಿ ಕೂತಿದ್ದವು. ಬಿಸಿ ಹೊರಗೆ ಹರಿಯಲಾರದೆ ಕೊಳವೆಯ ಸುತ್ತಲೇ ಕಟ್ಟಿಕೊಂಡಿತ್ತು. ತಾನೋ, ಹೊರಗಿನ ತಂಪು ನಂಬಿ ಬೆಂಕಿ ಹಾಕಿದ್ದೇ ಹಾಕಿದ್ದು!

ಒಲೆಯ ಬಾಯಿ ಮುಚ್ಚಿದ. ಸ್ವಿಚ್ಚಿಗೆ ಹೋದ ಕೈ ಅಲ್ಲೇ ನಿಂತಿತು. ನಿಲ್ಲಿಸಿದರೆ ಕೊಳವೆ ಕಡೆಯ ಬೆಂದ ಕಾಳು ಗೋಡೆ ಕಡೆಯ ಒಳ್ಳೆಯದರೊಳಗೆ ಕುಸಿದು ಬೆರೆಯುತ್ತದೆ. ತಿರುಗಲು ಬಿಟ್ಟರೆ ಕಾವು ಒಳ್ಳೆಯದಕ್ಕೂ ಹಬ್ಬುತ್ತದೆ.

“ಏನು ನೋಡ್ಕೋಂತ ನಿಂತಿ? ನಿಲ್ಸಲೇ, ನಿಲ್ಸು!”

ನಿಲ್ಲಿಸಿದ. ಒಳಗೆ ಧೊಪ್ಪನೆ ಕುಸಿದ ಸದ್ದು.

ಬಾಗಿಲು ತೆರೆದಾಗ ಹಬೆ ಮುಖಕ್ಕೆ ರಾಚಿತು. ಸುರಿದ ರಾಶಿಗೆ ಇಬ್ಬರೂ ಕೈ ಹಾಕಿದರು: ಒಂದು ಹಿಡಿ ತಣ್ಣಗೆ, ಪಕ್ಕದ ಹಿಡಿ ಸುಡುಸುಡು. ಬದುಕಿದ್ದು ಯಾವುದು, ಸತ್ತದ್ದು ಯಾವುದು? ಬಣ್ಣ ಒಂದೇ, ಹೊಳಪೂ ಒಂದೇ. ಹುಲುಗೇಶ್ ಪುಲ್ಲಿಯನ್ನೂ ತನ್ನನ್ನೂ ಸೇರಿಸಿ ಬೈದುಕೊಂಡ.

“ಬೈದ್ರ ಜೀವ ಬರತೈತೇನು?” ಹೊನ್ನೂರಮ್ಮ ಕಾಳೊಂದನ್ನು ಕಚ್ಚಿ ನೋಡಿ ಉಗುಳಿದಳು. “ಸಸಿಮಡಿಗೆ ಎಲ್ಲಾ ಚೆಲ್ಲತೀನಿ. ಎದ್ದಷ್ಟು ಎದ್ದೀತು.”

“ಏಳದಿದ್ರ?”

“ಏಳದಿದ್ರ ನೀನೇ ಬರಬೇಕು ಕುರುಗೋಡಿಗೆ. ಖಾಲಿ ಮಡಿ ಮುಂದ ನಿಂತು, ಯಾಕ ಏಳಲಿಲ್ಲ ಅಂತ ನಮ್ಮ ಮನಿಯವ್ರಿಗೆ ಹೇಳಾಕ.”

ಹುಲುಗೇಶ್ ಮಂಡಿಯೂರಿ ಕೂತು ಭತ್ತವನ್ನು ತೆಳ್ಳಗೆ ಹರವುತ್ತ, ಬೆರಳು ಸುಟ್ಟಲ್ಲೆಲ್ಲ ಬಾಯಿಂದ ಗಾಳಿ ಊದತೊಡಗಿದ.